ಅಕ್ಕನ ಕೀಮೋ, ನನ್ನ ಉಪವಾಸ

ಮೊನ್ನೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕನಿಗೆ ಕೀಮೋ ಇತ್ತು. ಆದರೆ ಅಲ್ಲಿ ಮೊದಲು ಸಲೈನ್ ಏರಿಸಿಕೊಂಡು ಮಲಗಿದವನು ನಾನು.

ಅಕ್ಕ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತಿದ್ದಳು. ತಲೆಗೆ ಕಟ್ಟಿದ್ದ ಹೂವಿನ ಸ್ಕಾರ್ಫ್ ಸರಿ ಮಾಡಿಕೊಳ್ಳುತ್ತ, ಬಂದುಹೋಗುವ ನರ್ಸುಗಳಿಗೆಲ್ಲ "ನಮ್ಮ ತಮ್ಮರಿ. ಸ್ವಲ್ಪ ನಾಜೂಕು ಅದಾನ" ಎಂದು ನನ್ನ ಪರಿಚಯ ಮಾಡಿಕೊಡುತ್ತಿದ್ದಳು. ಹೊಸದಾಗಿ ಡ್ಯೂಟಿಗೆ ಬಂದ ನರ್ಸೊಬ್ಬಳು ನನ್ನ ಮುಖ ನೋಡಿ ಮರುಗಿ, "ಇವ್ರಿಗೆ ಎಷ್ಟನೇ ಕೀಮೋರಿ?" ಎಂದು ಅಕ್ಕನನ್ನು ಕೇಳಿದಳು.

ಅಕ್ಕ ನಕ್ಕಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ನಟಿಸಿದೆ.

ಈ ಗತಿ ಹೇಗೆ ಬಂತು ಎಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ನನ್ನ ಮರ್ಯಾದೆ ಇನ್ನೂ ಹೆಚ್ಚು ಹೋಗುತ್ತದೆ.

ನಿಮಗೆ ಗೊತ್ತಿರುವಂತೆ ನಾನು ಹಾನಗಲ್ಲಿನ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವವನು. ವಿಜ್ಞಾನವನ್ನು ಕೊನೆಯ ಸಲ ಓದಿದ್ದು ಹತ್ತನೆಯ ಇಯತ್ತೆಯಲ್ಲಿ. ಆದರೆ ವಾರಕ್ಕೊಂದು ಅಂಕಣ ಬರೆಯುವವನಿಗೆ ಗೊತ್ತಿಲ್ಲದ ವಿಷಯ ಎಂಬುದು ಇರುತ್ತದೆಯೇ? ಮೆಣಸಿನಕಾಯಿ ದರದಿಂದ ಹಿಡಿದು ಚಂದ್ರನ ಮೇಲಿನ ನೀರಿನವರೆಗೆ ಇದೇ ಜಾಗದಲ್ಲಿ ತೀರ್ಪು ಕೊಟ್ಟಿದ್ದೇನೆ. ನೀವೂ ಸುಮ್ಮನೆ ಓದಿದ್ದೀರಿ. ಹಾಗಾಗಿ ಮುಂದೆ ಆದದ್ದರಲ್ಲಿ ನಿಮ್ಮದೂ ಒಂದು ಪಾಲಿದೆ.

ಅಕ್ಕ ಇರುವುದು ಸವಣೂರಿನಲ್ಲಿ. ಭಾವನದು ಅಲ್ಲೇ ಪೇಟೆಯಲ್ಲಿ ಬಟ್ಟೆ ಅಂಗಡಿ. ಹೋದ ವರ್ಷ ಅವಳ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮೊದಲು ಕೊಟ್ಟ ಔಷಧಕ್ಕೆ ಗಡ್ಡೆ ಚೆನ್ನಾಗಿ ಬಗ್ಗಿತು. ಸಣ್ಣದಾಯಿತು. ನಾವೆಲ್ಲ ಪೇಢೆ ತಿಂದೆವು. ಆಮೇಲೆ ಒಂದು ದಿನ ಅದು ಮಾತು ಕೇಳುವುದನ್ನು ನಿಲ್ಲಿಸಿತು. ಅದೇ ಔಷಧ, ಅದೇ ಪ್ರಮಾಣ, ಗಡ್ಡೆ ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ.

"ಔಷಧಕ್ಕ ಅದು ಒಗ್ಗಿಕೊಂಡೈತ್ರಿ. ಬ್ಯಾರೆ ಔಷಧ ಚಾಲೂ ಮಾಡೂಣು" ಎಂದರು ಡಾಕ್ಟರ್. ಧಾರವಾಡ ಕಡೆಯವರು, ವಯಸ್ಸು ಚಿಕ್ಕದು, ಮಾತು ನೇರ.

"ಇದಕ್ಕರೆ ಬಗ್ಗತೈತೇನ್ರಿ ಮೇಡಂ?" ಭಾವ ಕೇಳಿದರು.

"ನೋಡೂಣ್ರಿ."

ಪ್ರಪಂಚದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಇಲ್ಲ. ಇದಕ್ಕಿಂತ ಸಹಿಸಲಾಗದ ಉತ್ತರವೂ ಇಲ್ಲ. ಅವ್ವ ತೀರಿಕೊಂಡ ಮೇಲೆ ನನಗೆ ರೊಟ್ಟಿ ತಟ್ಟಿ ಹಾಕಿ ಬೆಳೆಸಿದವಳು ಈ ಅಕ್ಕ. ಅವಳ ವಿಷಯದಲ್ಲಿ 'ನೋಡೋಣ' ಎಂಬ ಮಾತನ್ನು ಕೇಳಿಕೊಂಡು ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಹೆದರಿದ್ದೆ. ಈಗಲೂ ಹೆದರಿದ್ದೇನೆ.

ಹೆದರಿದ ಮನುಷ್ಯ ಏನು ಮಾಡುತ್ತಾನೆ? ಫೋನ್ ತೆಗೆಯುತ್ತಾನೆ.

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನಾನು ಇಂಥವರನ್ನು ಗೇಲಿ ಮಾಡುತ್ತಿದ್ದೆ. ಹಿರೇಕೆರೂರಿನ ಚಿಕ್ಕಪ್ಪನ ಮಗ ಲಕ್ಷ್ಮಣಫಲದ ಎಲೆ ಕಟ್ಟಿ ಕಳಿಸಿದ್ದ. ಶಿಗ್ಗಾಂವಿಯ ಬೀಗರು ಅದೆಂಥದೋ ಕಪ್ಪು ಕಷಾಯದ ಬಾಟಲಿ ತಂದಿಟ್ಟು, ಒಳಗೇನಿದೆ ಎಂದು ಕೇಳಿದರೆ "ಅದನ್ನ ಕೇಳಬಾರದ್ರಿ" ಎಂದಿದ್ದರು. ಇವರಿಗೆಲ್ಲ ನಾನು 'ಫಾರ್ವರ್ಡ್ ವೈದ್ಯರು' ಎಂದು ಹೆಸರಿಟ್ಟಿದ್ದೆ. ಅವರು ಓದುವುದು ವಾಟ್ಸಾಪಿನಲ್ಲಿ, ಕನ್ನಡದಲ್ಲಿ. ನಾನು ಓದುವುದು ಗೂಗಲ್ಲಿನಲ್ಲಿ, ಇಂಗ್ಲಿಷಿನಲ್ಲಿ. ವ್ಯತ್ಯಾಸ ಇಷ್ಟೇ ಎಂದು ಆಗ ಹೊಳೆದಿರಲಿಲ್ಲ.

ನನಗೆ ಸಿಕ್ಕ ರತ್ನದ ಹೆಸರು ಆಟೊಫೇಜಿ. ಕನ್ನಡದಲ್ಲಿ ಬೇಕಾದರೆ ಸ್ವಭಕ್ಷಣೆ ಎನ್ನಿ. ನಮ್ಮ ಮೈಯ ಪ್ರತಿ ಜೀವಕೋಶವೂ ತನ್ನೊಳಗಿನ ಹಳೆಯ, ಕೆಟ್ಟುಹೋದ ಸಾಮಾನನ್ನು ತಾನೇ ತಿಂದು ಅರಗಿಸಿಕೊಂಡು, ಅದರಿಂದಲೇ ಹೊಸದನ್ನು ಕಟ್ಟಿಕೊಳ್ಳುತ್ತದೆಯಂತೆ. ಹೊಟ್ಟೆ ಖಾಲಿ ಇದ್ದಾಗ ಈ ಕೆಲಸ ಜೋರಾಗುತ್ತದೆಯಂತೆ. ಇದನ್ನು ಬಿಡಿಸಿ ತೋರಿಸಿದ್ದಕ್ಕೆ ನೊಬೆಲ್ ಬೇರೆ ಬಂದಿದೆ. ಇನ್ನೇನು ಬೇಕು? ಉಪವಾಸ ಮಾಡು, ಕಸ ಹೋಗುತ್ತದೆ. ಗಡ್ಡೆ ಎಂದರೆ ಕಸ. ಆದ್ದರಿಂದ ಗಡ್ಡೆ ಹೋಗುತ್ತದೆ. (ಈ ತರ್ಕದಲ್ಲಿ ಎಲ್ಲಿ ತೂತಿದೆ ಎಂದು ಹುಡುಕಬೇಡಿ. ತೂತುಗಳನ್ನೆಲ್ಲ ಸೇರಿಸಿಯೇ ಅದನ್ನು ಕಟ್ಟಲಾಗಿತ್ತು.)

ಮರುದಿನವೇ ಸವಣೂರಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಮುಂದೆ ತಟ್ಟೆಯಲ್ಲಿ ಅರ್ಧ ರೊಟ್ಟಿ, ಬದನೆಕಾಯಿ ಪಲ್ಯ, ಮುಟ್ಟಿದ ಗುರುತಿರಲಿಲ್ಲ. ಹೊಸ ಔಷಧ ಶುರುವಾದ ಮೇಲೆ ಊಟ ಕಂಡರೇ ಅವಳಿಗೆ ವಾಕರಿಕೆ.

"ಅಕ್ಕಾ, ಇನ್ನ ಗಡ್ಡೀನ ಉಪವಾಸ ಕೆಡವಬೇಕು ನೋಡು" ಎಂದು ಶುರುಮಾಡಿದೆ. ಕಾಲೇಜಿನಲ್ಲಿ ಪಾಠ ಮಾಡುವ ದನಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಸಂಜೆ ಏನೂ ತಿನ್ನುವುದಿಲ್ಲ, ಬೆಳಿಗ್ಗೆ ಏನೂ ತಿನ್ನುವುದಿಲ್ಲ, ನಡುವೆ ಬರೀ ನೀರು, ಮಧ್ಯಾಹ್ನ ಮಾತ್ರ ಒಂದು ಊಟ.

ಅಕ್ಕ ಪೂರ್ತಿ ಕೇಳಿದಳು. "ಗಡ್ಡಿ ಉಪವಾಸ ಬಿದ್ರ ಅದರ ಮನಿ ಮಾಲಕಿ ನಾನೂ ಬೀಳಬೇಕಲ್ಲೋ?"

"ನಾನೂ ನಿನ್ನ ಜೋಡಿ ಮಾಡ್ತೇನಿ. ಒಬ್ಬಾಕಿನ್ನ ಬಿಡಂಗಿಲ್ಲ."

ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆತೇಳು ತಮ್ಮಾ. ಮಾಡೂಣು" ಎಂದಳು.

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ನನ್ನ ಮಾತನ್ನು ಈ ಅಕ್ಕ ಒಂದೇ ಸಲಕ್ಕೆ ಒಪ್ಪಿದ್ದು ಹಿಂದೆಂದೂ ಇಲ್ಲ. ಆದರೆ ಹೊಗಳಿಕೆ ಮತ್ತು ಒಪ್ಪಿಗೆ ಬಂದಾಗ ಅನುಮಾನ ಪಡುವ ಅಭ್ಯಾಸ ಅಂಕಣಕಾರರಿಗಿಲ್ಲ.

ಹಾನಗಲ್ಲಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಡಾಕ್ಟರಿಗೆ ಒಂದು ಮಾತು ಕೇಳೀರೇನ್ರಿ?"

"ಇದು ಭಾಳ ಹೊಸಾದು. ಅವ್ರಿಗೆ ಗೊತ್ತಿರಾಕಿಲ್ಲ" ಎಂದೆ.

ಹೌದು, ಹಾಗೆಯೇ ಎಂದೆ. ಓದಿ ಮರೆತುಬಿಡಿ.

ಮುಂದಿನ ದಿನಗಳು ನನ್ನ ಬಾಳಿನ ಅತ್ಯಂತ ಉದ್ದದ ದಿನಗಳು. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರಿನ ಗಿರ್ಮಿಟ್ಟು, ಮಿರ್ಚಿಯ ವಾಸನೆ ಇಷ್ಟು ದೂರದವರೆಗೆ ಬರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬ್ಯಾಲೆನ್ಸ್ ಶೀಟಿನ ಎಡಗಡೆ ಬರೆಯಬೇಕಾದ್ದನ್ನು ಬಲಗಡೆ ಬರೆದೆ. ಮಕ್ಕಳು ಹಾಗೇ ಬರೆದುಕೊಂಡರು. (ಪರೀಕ್ಷೆಯಲ್ಲೂ ಹಾಗೇ ಬರೆದರೆ ಆಟೊಫೇಜಿಯೇ ಹೊಣೆ.) ಬೆಳಗಿನ ಹೊತ್ತು ಸ್ಟಾಫ್ ರೂಮಿನಲ್ಲಿ ಯಾರಾದರೂ ಡಬ್ಬಿ ಬಿಚ್ಚಿದರೆ ಎದ್ದು ಹೊರಗೆ ಹೋಗಿ ನೋಟೀಸ್ ಬೋರ್ಡ್ ಓದುತ್ತಿದ್ದೆ. ಬಿಡೋಣ ಎಂದರೆ ಊರಿಗೆಲ್ಲ ಹೇಳಿಕೊಂಡಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಅಲ್ಲಿ ಮಾಡುತ್ತಿರುವಾಗ ನಾನು ಇಲ್ಲಿ ಬಿಡುವುದು ಹೇಗೆ?

ದಿನಾ ಸಂಜೆ ಫೋನ್ ಮಾಡುತ್ತಿದ್ದೆ. "ಅಕ್ಕಾ, ಉಪವಾಸ ನಡದೈತಿಲ್ಲ?"

"ನಡದೈತಿ. ಭಾಳ ಜೋರ್ ನಡದೈತಿ."

ದನಿಯಲ್ಲಿ ಗೆಲುವಿತ್ತು. ನೋಡಿದಿರಾ, ಕಸ ಹೋಗುತ್ತಿದೆ ಎಂದುಕೊಂಡೆ.

ಕೀಮೋದ ದಿನ ಬಂತು. ಆ ದಿನ ಹೆಚ್ಚಿನ ಪುಣ್ಯಕ್ಕೆಂದು ಹಿಂದಿನ ಮಧ್ಯಾಹ್ನದಿಂದಲೇ ಬಾಯಿ ಕಟ್ಟಿದ್ದೆ. ಹಾನಗಲ್ಲಿನಿಂದ ಬಸ್ಸಿನಲ್ಲಿ ಶಿಗ್ಗಾಂವಿಗೆ ಬಂದೆ. ಭಾವ ಸವಣೂರಿನಿಂದ ಅಕ್ಕನನ್ನು ಕಾರಿನಲ್ಲಿ ಕರೆತಂದು ಅಲ್ಲಿ ನನ್ನನ್ನು ಹತ್ತಿಸಿಕೊಂಡರು. ಅಕ್ಕನ ತೊಡೆಯ ಮೇಲೆ ಒಂದು ದೊಡ್ಡ ಸ್ಟೀಲ್ ಡಬ್ಬಿ ಇತ್ತು.

"ಏನದು?"

"ನಿಮ್ಮ ಭಾವಗ ಬುತ್ತಿ" ಎಂದಳು ಅಕ್ಕ. ಭಾವ ತುಟಿ ಬಿಗಿದು ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದರು.

ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದರು, ಆಮೇಲೆ ತೂಕ. ರಕ್ತ ಸರಿ ಇದ್ದರೆ ಮಾತ್ರ ಔಷಧ, ಇಲ್ಲದಿದ್ದರೆ ವಾಪಸ್ಸು. ಹಿಂದಿನ ಸಲ ಹಾಗೆ ವಾಪಸ್ಸು ಬಂದಿದ್ದೆವು. ಔಷಧ ಮುಂದೆ ಹೋದಷ್ಟೂ ಗಡ್ಡೆಗೆ ಬಿಡುವು ಸಿಗುತ್ತದೆ ಎಂದು ಡಾಕ್ಟರ್ ಅವತ್ತೇ ಎಚ್ಚರಿಸಿದ್ದರು. ಹಾಗಾಗಿ ಅಕ್ಕ ತೂಕದ ಯಂತ್ರ ಹತ್ತಿದಾಗ ನಾನು ಉಸಿರು ಹಿಡಿದು ನಿಂತಿದ್ದೆ.

ತೂಕ ಹೆಚ್ಚಾಗಿತ್ತು!

ಉಪವಾಸ ಮಾಡಿದರೆ ತೂಕ ಹೆಚ್ಚಾಗುವುದು ಹೇಗೆ? ಇಂಥ ಸಣ್ಣ ಪ್ರಶ್ನೆಗಳು ದೊಡ್ಡ ಸಂಶೋಧಕರನ್ನು ತಡೆಯುವುದಿಲ್ಲ. ಡಾಕ್ಟರ ಕೋಣೆಗೆ ಹೋದ ಕೂಡಲೇ ಎದೆ ಉಬ್ಬಿಸಿ, "ಮೇಡಂ, ಅಕ್ಕಗ ಉಪವಾಸ ಹಿಡಿಸೇನ್ರಿ. ಆಟೊಫೇಜಿ" ಎಂದೆ.

ಡಾಕ್ಟರ ಕೈಯಲ್ಲಿದ್ದ ಪೆನ್ನು ನಿಂತಿತು. ನನಗೆ ಉತ್ತರ ಕೊಡದೆ ಮೊದಲು ಬಗ್ಗಿ ಅಕ್ಕನ ಪಾದದ ಮೇಲೆ ಬೆರಳೊತ್ತಿ ನೋಡಿದರು, ಬಾವು ಬಂದು ತೂಕ ಏರಿದೆಯೇ ಎಂದು. ಬಾವು ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಯಾರ್ ಹೇಳ್ಯಾರ್ರಿ ಇದನ್ನ?"

"ನಾನ ಓದಿದ್ದೆರಿ."

"ನೀವು ಓದಿದ್ದು ಸುಳ್ಳಲ್ಲ ಸರ್. ಆದ್ರ ಅರ್ಧ ಓದೀರಿ. ಚಲೋ ಜೀವಕೋಶದಾಗ ಆಟೊಫೇಜಿ ಕಸ ಬಳೀತೈತಿ, ಖರೆ. ಕ್ಯಾನ್ಸರ್ ಹುಟ್ಟದಂಗ ಕಾಯಾಕೂ ಅದು ನೆರವಾಗಬಹುದು. ಆದ್ರ ಗಡ್ಡಿ ಬೆಳದು ನಿಂತ ಮ್ಯಾಲ ಅದೇ ವಿದ್ಯಾ ಗಡ್ಡಿಗೂ ಬರತೈತಿ. ನಾವು ಔಷಧ ಹಾಕಿ ಹೊಡೀತೇವಿ. ಅದು ತನ್ನೊಳಗಿನ ಹಳೇ ಸಾಮಾನ ತಾನ ತಿಂದು ಜೀವ ಹಿಡಕೊಂಡು ಕುಂದ್ರತೈತಿ. ನಮ್ಮ ಏಟು ಇಳದ ಮ್ಯಾಲ ಮತ್ತ ಏಳತೈತಿ. ಔಷಧ ನಾಟದಂಗ ಆಗಾಕ ಹತ್ತು ಕಾರಣ ಇರತಾವು. ಅದರಾಗ ಇದೂ ಒಂದು."

ಅಕ್ಕ ಮೆಲ್ಲಗೆ, "ಅಂದ್ರ ಅದಕ್ಕೂ ಒಂದು ಹಗೇವು ಐತಿ ಅನ್ರಿ" ಎಂದಳು.

(ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ನೆಲದಲ್ಲಿ ಬಾವಿಯಂತೆ ತೋಡಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದ ಕಣಜ ಅದು. ನಮ್ಮ ಹುಟ್ಟೂರು ಹಿರೇಬೆಂಡಿಗೇರಿಯ ಮನೆಯ ಮುಂದೆಯೂ ಒಂದಿತ್ತು. ಬೆಳೆ ಕೈಕೊಟ್ಟ ವರ್ಷ ಅದರ ಬಾಯಿ ತೆರೆಯುತ್ತಿದ್ದರು. ಹೊರಗಿನವರಿಗೆ ಈ ಮನೆ ಇನ್ನೂ ಹೇಗೆ ನಿಂತಿದೆ ಎಂದೇ ತಿಳಿಯುತ್ತಿರಲಿಲ್ಲ.)

"ಹೌದ್ರಿ ಅಕ್ಕಾರ, ಹಂಗ ಅನ್ನಬಹುದು" ಎಂದರು ಡಾಕ್ಟರ್.

ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. "ಹಂಗಾದ್ರ ನಾನ ಹೋಗಿ ಆ ಗಡ್ಡಿಗೆ ಹಗೇವು ತಗಿಯಾಕ ಹೇಳಿಕೊಟ್ಟಂಗಾತೇನ್ರಿ?"

"ಅಷ್ಟು ಖಾತ್ರಿಲೆ ಯಾರೂ ಹೇಳಾಕ ಬರಂಗಿಲ್ಲ. ಇನ್ನೂ ಹುಡುಕಾಕತ್ತಾರ. ಆದ್ರ ಪೇಷಂಟ್ ಸೊರಗಿದ್ರ, ರಕ್ತ ಇಳದಿದ್ರ, ಇವತ್ತ ನಾ ಔಷಧ ಕೊಡಂಗಿಲ್ಲ. ಅದು ಮಾತ್ರ ಖಾತ್ರಿ. ರಿಪೋರ್ಟ್ ಬರಲಿ."

ಅಕ್ಕನಿಗೆ ಇವತ್ತು ಔಷಧ ತಪ್ಪಿದರೆ ಅದಕ್ಕೆ ಕಾರಣ ನಾನು. ಹೊಸ ಔಷಧವೂ ನಾಟದೆ ಹೋದರೆ? ಆ ಯೋಚನೆ ಪೂರ್ತಿಯಾಗಲಿಲ್ಲ. ನೆಲ ಒಂದು ಕಡೆ ವಾಲಿತು. ಡಾಕ್ಟರ ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಹಿಡಿದುಕೊಂಡೇ ನಾನು ಕೆಳಗೆ ಹೋದೆನಂತೆ.

ಕಣ್ಣು ಬಿಟ್ಟಾಗ ಕೈಗೆ ಸಲೈನ್, ಪಕ್ಕದಲ್ಲಿ ಅಕ್ಕ. ನನಗೆ ಅಳು ಬಂತು. ಮುಚ್ಚಿಡುವುದೇಕೆ, ಅತ್ತುಬಿಟ್ಟೆ.

"ಅಕ್ಕಾ, ನಿನ್ನ ಉಪವಾಸ ಕೆಡವಿ ತಪ್ಪ ಮಾಡಿದ್ನಿ."

"ಯಾರು ಬಿದ್ದಿದ್ರು ಉಪವಾಸ?" ಎಂದಳು ಅಕ್ಕ. ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಶೇಂಗಾ ಉಂಡಿ, ಖಜೂರ, ರಾಜಗಿರಿ ಉಂಡಿ, ಬಾಳೆಹಣ್ಣು. ಭಾವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಭುಜ ಕುಲುಕುತ್ತಿತ್ತು. ಬೆಳಗಿನಿಂದ ಹಿಡಿದಿಟ್ಟ ನಗು.

ಆದದ್ದು ಇಷ್ಟು. ನಮ್ಮ ಕಡೆ ಉಪವಾಸ ಎಂದರೇನು? ಊಟ ಬಿಡುವುದು, ಫಲಾಹಾರ ಮಾಡುವುದು. ಅದಕ್ಕಿಂತ ಮುಖ್ಯವಾಗಿ, ಉಪವಾಸ ಇದ್ದವರಿಗೆ ಫಲಾಹಾರ ಕೊಟ್ಟರೆ ಆ ಉಪವಾಸದ ಪುಣ್ಯದಲ್ಲಿ ಕೊಟ್ಟವರಿಗೂ ಪಾಲು. ಶ್ರಾವಣವಲ್ಲ, ಶಿವರಾತ್ರಿಯಲ್ಲ, ಅಂಥದ್ದರಲ್ಲಿ ಬಟ್ಟೆ ಅಂಗಡಿಯ ಅಕ್ಕಾರು ಉಪವಾಸ ಹಿಡಿದಿದ್ದಾರೆ ಎಂದು ಓಣಿಗೆ ಗೊತ್ತಾದ ಕೂಡಲೇ, ಇದು ದೊಡ್ಡ ಹರಕೆಯೇ ಇರಬೇಕು, ಪುಣ್ಯವೂ ದೊಡ್ಡದೇ ಇರಬೇಕು ಎಂದು ಓಣಿಯೇ ತೀರ್ಮಾನಿಸಿತು.

"ಮುಂಜಾನೆ ಬಾಜೂಮನಿ ಶಾಂತವ್ವ ಸಾಬೂದಾನಿ ಖಿಚಡಿ ಬಿಸಿಬಿಸಿ ತರಾಕಿ" ಎಂದಳು ಅಕ್ಕ. "ಅದು ಮುಗಿಯೂದ್ರಾಗ ಎದುರುಮನಿ ಮುಮ್ತಾಜಬಿ ಹಾಲು, ಖಜೂರ ತರಾಕಿ. ರೋಜಾ ಇದ್ದವ್ರಿಗೆ ಕೊಟ್ಟಂಗ ಅಂತ. ಸಂಜೀಕ ಒಬ್ರು ಅವಲಕ್ಕಿ, ಒಬ್ರು ಉಂಡಿ. ಬ್ಯಾಡ ಅಂದ್ರ ಕೊಟ್ಟವ್ರ ಪುಣ್ಯ ಕೆಡತೈತಿ. ಹಂಗಾಗಿ ಒಂದೊಂದು ತುತ್ತು ತಿಂದೆ. ತಟ್ಟಿ ತುಂಬ ಊಟ ಕಂಡ್ರ ಹೊಟ್ಟಿ ತೊಳಸತಿತ್ತು. ಇದು ಹಂಗಲ್ಲ, ಸ್ವಲ್ಪ ಸ್ವಲ್ಪ, ಹೊಸಾ ಹೊಸಾ ರುಚಿ. ಹೋತು ಒಳಗ."

ಅಂದರೆ, ಊಟ ಸೇರದೆ ಬಾಡುತ್ತಿದ್ದ ಅಕ್ಕ ಉಪವಾಸ ಹಿಡಿದ ಮೇಲೆ ತಿನ್ನಲು ಶುರುಮಾಡಿದ್ದಳು. ಇಡೀ ಹಾವೇರಿ ಜಿಲ್ಲೆಯಲ್ಲಿ ನಿಜವಾಗಿ ಉಪವಾಸ ಬಿದ್ದಿದ್ದವನು ನಾನೊಬ್ಬನೇ.

ರಿಪೋರ್ಟ್ ಬಂತು. ಡಾಕ್ಟರೇ ತಂದರು. "ಹಿಂದಿನ ಸಲಕ್ಕಿಂತ ಚಲೋ ಐತ್ರಿ. ಔಷಧ ಕೊಡೂಣು. ಹಿಂಗ ತಿನ್ರಿ ಅಕ್ಕಾರ, ಸ್ವಚ್ಛ ಇದ್ದದ್ದು, ಬಿಸಿ ಇದ್ದದ್ದು ನೋಡಿ ತಿನ್ರಿ" ಎಂದು ಹೇಳಿ, ನನ್ನನ್ನು ನೋಡಿ ಏನೂ ಹೇಳದೆ ಹೋದರು. ಏನಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಇಷ್ಟಾದ ಮೇಲೆ ಬುದ್ಧಿ ಬರಬೇಕಲ್ಲವೇ? ಹೇಳುತ್ತೇನೆ ಕೇಳಿ. ಸಲೈನ್ ಇದ್ದದ್ದು ಎಡಗೈಗೆ. ಬಲಗೈ ಖಾಲಿ ಇತ್ತು. ಅಕ್ಕನನ್ನು ಪಕ್ಕದ ಹಾಸಿಗೆಗೆ ಕರೆದುಕೊಂಡು ಹೋಗಿ ಔಷಧ ಶುರುಮಾಡುವಷ್ಟರಲ್ಲಿ ನನ್ನ ಬಲಗೈ ತನ್ನ ಪಾಡಿಗೆ ತಾನು ಫೋನ್ ತೆಗೆದು, 'ಆಟೊಫೇಜಿಯನ್ನು ನಿಲ್ಲಿಸುವುದು ಹೇಗೆ' ಎಂದು ಹುಡುಕಿಬಿಟ್ಟಿತ್ತು. ಸಿಕ್ಕೂಬಿಟ್ಟಿತು! ಮಲೇರಿಯಾಕ್ಕೆ ಕೊಡುವ ಹಳೆಯ ಮಾತ್ರೆಯಂತೆ. ಜೀವಕೋಶ ತನ್ನನ್ನು ತಾನು ತಿಂದು ಅರಗಿಸಿಕೊಳ್ಳುವುದಕ್ಕೆ ಅದು ಅಡ್ಡ ಬರುತ್ತದಂತೆ. ಕೀಮೋ ಜೊತೆ ಕೊಟ್ಟು ನೋಡುತ್ತಿದ್ದಾರಂತೆ.

ಡಾಕ್ಟರ್ ಮತ್ತೆ ಆ ಕಡೆ ಬಂದಾಗ ಮಲಗಿದಲ್ಲಿಂದಲೇ ಕೇಳಿದೆ. "ಮೇಡಂ, ಮಲೇರಿಯಾ ಗುಳಿಗಿ..."

ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಸರ್, ಮುಂಜಾನೆ ಹೆಚ್ಚಸಾಕ ಬಂದಿದ್ರಿ. ಮಧ್ಯಾಹ್ನ ನಿಲ್ಲಸಾಕ ನಿಂತ್ರೇನು? ಅದರ ಮ್ಯಾಲ ಪ್ರಯೋಗ ನಡದಾವು. ಕೆಲವು ಕಡೆ ಆಶಾ ಕಂಡೈತಿ, ಕೆಲವು ಕಡೆ ಏನೂ ಆಗಿಲ್ಲ. ಅದು ಚಲೋ ಜೀವಕೋಶಕ್ಕೂ ತಾಕತೈತಿ. ಅಂಗಡ್ಯಾಗ ತಗೊಂಡು ನುಂಗಸೂ ಗುಳಿಗಿ ಅಲ್ಲ."

ಅಕ್ಕ ಔಷಧದ ನಳಿಕೆ ಇಲ್ಲದ ಕೈಯನ್ನು ಚಾಚಿ ನನ್ನ ಫೋನ್ ಕಿತ್ತುಕೊಂಡಳು.

"ಅಪ್ಪ ಹೇಳ್ತಿದ್ದ, ನೆನಪೈತೇನು? ಹಗೇವಿನ ಬಾಯಿ ತಗದ ಕೂಡ್ಲೆ ಇಳೀಬಾರದು. ಒಳಗಿನ ಕೆಟ್ಟ ಗಾಳಿ ಹೊರಗ ಬರಲಿ, ದೀಪ ಇಳಿಬಿಟ್ಟು ನೋಡಿ ಆಮ್ಯಾಲ ಇಳೀಬೇಕು. ನೀ ಫೋನ್ ತಗದ ಕೂಡ್ಲೆ ಇಳೀತಿ. ಅದಕ್ಕ ಬಿದ್ದಿ."

ನಾಲ್ಕು ಡಿಗ್ರಿ ಸರ್ಟಿಫಿಕೇಟು ಗೋಡೆಗೆ ತೂಗು ಹಾಕಿದವನು ನಾನು. ಫೋನ್ ಅವಳ ಹತ್ತಿರವೇ ಇರಲಿ ಎಂದು ಬಿಟ್ಟೆ.

ಸಂಜೆ ವಾಪಸ್ಸು ಬರುವಾಗ ಭಾವ ಶಿಗ್ಗಾಂವಿಯ ಖಾನಾವಳಿಯೊಂದರ ಮುಂದೆ ಕಾರು ನಿಲ್ಲಿಸಿದರು. ನಾನು ಬೇಡವೆಂದರೂ ಅಕ್ಕ ಇಳಿದು ಬಂದಳು. ಔಷಧದ ವಾಸನೆ ಬಾಯಿಗೆ ಬರುತ್ತಿದೆ ಎಂದು ತಾನು ಒಂದು ಲೋಟ ಬಿಸಿ ಚಹಾ ಮಾತ್ರ ಇಟ್ಟುಕೊಂಡು, ನನಗೆ ಬಿಸಿ ರೊಟ್ಟಿ, ಝುಣಕ ಹಾಕಿಸಿದಳು.

"ಇದರಾಗ ಏನೂ ಹುರುಳಿಲ್ಲ ಅಂತ ಗೊತ್ತಿತ್ತಲ್ಲ, ಮತ್ಯಾಕ ಆತು ಅಂದಿ ಅವತ್ತು?" ಎಂದು ಕೇಳಿದೆ.

"ನಿನ್ನ ಮಾರಿ ನೋಡಿದ್ನಿ. ನನಗಿಂತ ನೀನ ಹೆಚ್ಚು ಅಂಜಿದ್ದಿ. ಬ್ಯಾಡ ಅಂದಿದ್ರ ಇನ್ನೇನ ತರತಿದ್ದಿಯೋ" ಎಂದಳು.

ಪೇಷಂಟ್ ಅವಳು. ನನ್ನ ಹೆದರಿಕೆಗೂ ಅವಳೇ ಉಪವಾಸ ಹಿಡಿದಿದ್ದಳು. ಕಾಯಿಲೆಯವರನ್ನು ನೋಡಲು ಹೋಗುವ ನಾವೆಲ್ಲ ಕೈಯಲ್ಲಿ ಏನೋ ಒಂದು ಹಿಡಿದುಕೊಂಡು ಹೋಗುತ್ತೇವಲ್ಲ, ಎಲೆ, ಕಷಾಯ, ಇಂಗ್ಲಿಷ್ ಲೇಖನ, ಅದರಲ್ಲಿ ಎಷ್ಟು ಅವರಿಗೆ, ಎಷ್ಟು ನಮ್ಮ ಸಮಾಧಾನಕ್ಕೆ? ಅವರು ತಮ್ಮ ಸಂಕಟದ ನಡುವೆಯೂ ನಮ್ಮನ್ನು ಸಂತೈಸಲು ಅದನ್ನೆಲ್ಲ ನುಂಗುತ್ತಾರೆ. ಅದಕ್ಕೆ ನಾವು 'ಔಷಧ ಹಿಡಿಯಿತು' ಎನ್ನುತ್ತೇವೆ.

ರೊಟ್ಟಿ ಮುರಿದೆ. ಬಾಯಿಗೆ ಹೋಗಲಿಲ್ಲ. ಕೊನೆಗೂ ಕೇಳಿಬಿಟ್ಟೆ.

"ಅಕ್ಕಾ, ಈ ಔಷಧಕ್ಕೂ ಅದು ಬಗ್ಗದಿದ್ರ?"

ಭಾವ ಲೋಟ ಕೆಳಗಿಟ್ಟರು. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಚಮಚ ಝುಣಕ ಬಡಿಸಿದಳು.

"ಬಗ್ಗದಿದ್ರ ಡಾಕ್ಟರು ಇನ್ನೊಂದು ಹುಡುಕ್ತಾರ. ನೀ ಏನೂ ಹುಡುಕಬ್ಯಾಡ. ಉಣ್ಣು."